ನಿಂತು ಗುರಿಯಿಡುವುದು

ಗುರಿ ಎಂದೊಡನೆ ಕನ್ನಡದ ಓದುಗರಿಗೆ ದ್ರೌಪದೀ ಸ್ವಯಂವರದ ಮತ್ಸ್ಯಯಂತ್ರ ನೆನಪಾಗುವುದು ಸಹಜ. ಪಂಪನೂ ಕುಮಾರವ್ಯಾಸನೂ ಆ ಪ್ರಸಂಗವನ್ನು ತಮ್ಮ ತಮ್ಮ ರೀತಿಯಲ್ಲಿ ಕಂಡವರು. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯಾದ ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಡುತ್ತಾರೆ. ಅರ್ಜುನನೂ ಕೊಡವರೂ ನಿಂತು ಹೊಡೆದವರು. ಆದರೆ ನಿಲ್ಲುವುದರ ಕಷ್ಟ ನನಗೆ ಮನವರಿಕೆಯಾದದ್ದು ಚೆನ್ನೈಯಲ್ಲಿ.

ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯ ನಾವು .22 ರೈಫಲನ್ನು ಮಲಗಿಯೇ ಹಾರಿಸಿದವರು. ಮೊಣಕೈಗಳು ನೆಲಕ್ಕೆ ಊರಿರುವಾಗ ಭಾರವನ್ನು ಭೂಮಿಯೇ ಹೊರುತ್ತದೆ. ಹಲವು ವರ್ಷಗಳ ಮೇಲೆ ವಿದ್ಯಾರ್ಥಿನಿಯೊಬ್ಬಳ ಆಹ್ವಾನದಂತೆ ಇಲ್ಲಿಯ ಅಭ್ಯಾಸಾಂಗಣವೊಂದಕ್ಕೆ ಹೋಗಿ ಏರ್ ರೈಫಲ್ ಸ್ಪರ್ಧೆಯ ತರಬೇತಿಯನ್ನು ಕಂಡೆ. ಅದು ಪೂರ್ಣವಾಗಿ ನಿಂತೇ ನಡೆಯುವ ಸ್ಪರ್ಧೆ. ಗುರಿಹಲಗೆ 10 ಮೀಟರ್ ದೂರದಲ್ಲಿರುತ್ತದೆ. ಗುಂಡಿನ ವ್ಯಾಸ 4.5 ಮಿ.ಮೀ., ನಡುವಣ ಬಿಂದುವಿನದು 0.5 ಮಿ.ಮೀ. ಮಾತ್ರ. ಈ ಸ್ಪರ್ಧೆಯಲ್ಲಿಯೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನವನ್ನೂ, 2012ರ ಲಂಡನ್‌ನಲ್ಲಿ ಚೆನ್ನೈಯಲ್ಲಿ ಹುಟ್ಟಿದ ಗಗನ್ ನಾರಂಗ್ ಕಂಚನ್ನೂ ಗೆದ್ದರು.

ಬಲಗೈಯವರು ಎಡಪಕ್ಕವನ್ನು ಗುರಿಗೆ ಕೊಟ್ಟು ನಿಲ್ಲುತ್ತಾರೆ. ಎಡ ಮೊಣಕೈ ಸೊಂಟದ ಮೂಳೆಗೋ ಪಕ್ಕೆಲುಬಿಗೋ ಆತುಕೊಳ್ಳುತ್ತದೆ. ಬೆನ್ನು ತುಸು ಹಿಂದಕ್ಕೆ ಬಾಗುತ್ತದೆ. ಭಾರವು ಎಲುಬುಗಳ ಮೂಲಕ ಪಾದಕ್ಕೆ ಇಳಿಯಬೇಕು, ಏಕೆಂದರೆ ಸ್ನಾಯು ಬೇಗ ದಣಿಯುತ್ತದೆ. ಕಣ್ಣು ಮುಚ್ಚಿ ತೆರೆದಾಗ ನಳಿಗೆ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆದು ತಿದ್ದಬಾರದು, ಪಾದವನ್ನು ಸರಿಸಿ ಮತ್ತೆ ನಿಲ್ಲಬೇಕು. ಆಗಲೂ ಉಸಿರು ಮತ್ತು ಎದೆಬಡಿತ ನಳಿಗೆಯನ್ನು ಅಲುಗಿಸುತ್ತಲೇ ಇರುತ್ತವೆ. ಅಲುಗಾಟ ಕಿರಿದಾದ ಗಳಿಗೆಯಲ್ಲಿ ಬಂದೂಕಿನ ಕುದುರೆಯನ್ನು ಮೆಲ್ಲನೆ ಒತ್ತಬೇಕು. ಕೆಲವು ಸೆಕೆಂಡುಗಳಲ್ಲಿ ಆ ಗಳಿಗೆ ಬಾರದಿದ್ದರೆ ರೈಫಲನ್ನು ಇಳಿಸಿ ಮೊದಲಿನಿಂದ ತೊಡಗಬೇಕು. "ಸರ್, ಹೊಡೆಯುವುದಕ್ಕಿಂತ ಇಳಿಸುವುದನ್ನು ಕಲಿಯಲು ನನಗೆ ಹೆಚ್ಚು ಕಾಲ ಹಿಡಿಯಿತು" ಎಂದಳು ಆಕೆ.

ಆ ಮಾತು ನಮ್ಮ ವೃತ್ತಿಗೂ ಸಲ್ಲುತ್ತದೆ. ಕನ್ನಡನಾಡಿನಲ್ಲಿ ಕನ್ನಡ ಕಲಿಸುವವರಿಗೆ ಮನೆ, ಬೀದಿ, ಸಂತೆಗಳು ನೆಲದಂತೆ ಆಸರೆಯಾಗುತ್ತವೆ. ಚೆನ್ನೈಯಲ್ಲಿ ತರಗತಿಯ ಬಾಗಿಲು ದಾಟಿದರೆ ಆ ಆಸರೆಯಿಲ್ಲ. ಕೆಲವು ವರ್ಷಗಳಲ್ಲಿ ಒಳಗೂ ಬೆರಳೆಣಿಕೆಯ ವಿದ್ಯಾರ್ಥಿಗಳು. ಆದರೂ ಕಿಟ್ಟೆಲರ 1894ರ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದ ಎಂ. ಮರಿಯಪ್ಪ ಭಟ್ಟರ ನಾಲ್ಕು ಸಂಪುಟಗಳು 1968–71ರಲ್ಲಿ ಪ್ರಕಟವಾದದ್ದು ಮದರಾಸು ವಿಶ್ವವಿದ್ಯಾನಿಲಯದಿಂದ. ಹೊರಗಣ ಆಸರೆಯಿಲ್ಲದ ಕಡೆ ವಿದ್ವತ್ತು ತನ್ನ ಎಲುಬಿನ ಮೇಲೆಯೇ ನಿಲ್ಲಬೇಕೆಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಹಸ್ತಪ್ರತಿಗಳ ಪಾಠಾಂತರಗಳ ನಡುವೆ ವಿದ್ಯಾರ್ಥಿಗಳು ಅವಸರದಿಂದ ನಿರ್ಣಯಕ್ಕೆ ಬರುವುದುಂಟು. ತಮಗೆ ಒಪ್ಪಿಗೆಯಾದ ಅರ್ಥದ ಕಡೆಗೆ ಪದ್ಯವನ್ನು ಎಳೆಯುವುದೂ ಉಂಟು. ಅಂಥವರಿಗೆ ಈಗ ನಾನು ಹೇಳುವುದು ಇಷ್ಟೆ: ತೋಳಿನಿಂದ ಎಳೆಯಬೇಡಿ, ಪಾದ ಸರಿಸಿ ನೋಡಿ, ಅರ್ಥ ಇನ್ನೂ ಅಲುಗುತ್ತಿದ್ದರೆ ಲೇಖನಿಯನ್ನು ಇಳಿಸಿ.