ಚಿಕ್ಕಪ್ಪನ ಬೆಟ್ಟದ ಟಿಕ್ ಟಿಕ್

ಅದು ಆಷಾಢವೋ ಶ್ರಾವಣವೋ, ಈಗ ಸರಿಯಾಗಿ ಹೇಳಲಾರೆ. ರಾತ್ರಿ ಊಟಕ್ಕೆ ಕಳಲೆ ಪಲ್ಯ ಇತ್ತು ಅನ್ನುವುದಷ್ಟೇ ಗಟ್ಟಿ ನೆನಪು. ಕುದುರೆಮುಖದ ತಪ್ಪಲಲ್ಲಿ, ಸಂಸೆಯಿಂದ ಇನ್ನೂ ಒಳಗೆ, ಚಿಕ್ಕಪ್ಪನ ಮನೆ. ಮಳೆಗಾಲದಲ್ಲಿ ಆ ಮನೆಯವರೆಲ್ಲ ಬಚ್ಚಲೊಲೆಯ ಮುಂದೆಯೇ ಇರುತ್ತಿದ್ದರು. ಮೇಲೆ ಹಗ್ಗದ ತುಂಬ ಒಣಗದ ಬಟ್ಟೆ, ಕೆಳಗೆ ಕೆಂಡದಲ್ಲಿ ಹಲಸಿನ ಹಪ್ಪಳ, ನಡುವೆ ಚಿಕ್ಕಪ್ಪನ ಮಾತು.

ಕಪ್ಪೆ ಹುಡುಕುವ ಇಬ್ಬರು ಹುಡುಗರು ಬಂದದ್ದು ಅಂಥದೊಂದು ಸಂಜೆ. ಬೆಂಗಳೂರಲ್ಲಿ ಸಂಶೋಧನೆ ಮಾಡುವವರು. ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸುವಾಗ ನೀರುದೋಸೆ ತಿಂದಿದ್ದೇವೆ ಅಂದರೂ ಚಿಕ್ಕಮ್ಮ ಬಿಡಲಿಲ್ಲ. ಎಷ್ಟು ತಿಂದಿರಿ ಅಂತ ವಿಚಾರಿಸಿ, ಸಾಲದು ಅಂತ ತಾವೇ ತೀರ್ಮಾನಿಸಿ ಕಡುಬು ಬಡಿಸಿದರು. ಒಬ್ಬ ಉದ್ದನೆಯವನು, ಮಾತು ಕಡಿಮೆ. ಇನ್ನೊಬ್ಬನ ಕನ್ನಡಕಕ್ಕೆ ಹಬೆ ಕೂತು ಚಟ್ನಿ ಎಲ್ಲಿದೆ ಅಂತಲೂ ಕಾಣುತ್ತಿರಲಿಲ್ಲ.

"ಹಿತ್ತಲಲ್ಲಿ ಟಿಕ್ ಟಿಕ್ ಅಂತಿದೆಯಲ್ಲ ಸಾರ್, ನಮಗೆ ಬೇಕಿರೋದು ಅದೇ ಕಪ್ಪೆ" ಅಂದ ಕನ್ನಡಕದವನು.

"ಅದು ಹುಳ ಮಾರಾಯ. ಹುಟ್ಟಿದಾಗಿಂದ ಕೇಳ್ತಿದೀನಿ."

ಚಿಕ್ಕಪ್ಪನ ಮಾತಿಗೆ ಎದುರು ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಹುಡುಗರಿಗೆ ಅದು ಗೊತ್ತಿರಲಿಲ್ಲ. ಹಾಗಾಗಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು, ಚಿಕ್ಕಪ್ಪ ಕಂಬಳಿಕೊಪ್ಪೆ ಹಾಕಿಕೊಂಡು, ನಾನೂ ಹಿಂದೆ ಬಿದ್ದು, ತೋಟ ಮುಗಿದು ಕಾಡು ಶುರುವಾಗುವ ಕಡೆಗೆ ಹತ್ತಿದೆವು. ಉಂಬಳಗಳು ಸುಣ್ಣಕ್ಕೆ ಕ್ಯಾರೇ ಅನ್ನಲಿಲ್ಲ.

ಎದೆಮಟ್ಟದ ಗಿಡವೊಂದರ ಎಲೆಯ ಮೇಲೆ ಅದು ಕೂತಿತ್ತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಗಂಟಲ ಚೀಲ ಉಬ್ಬಿ ತಲೆಯನ್ನೇ ಮೀರಿಸಿತ್ತು; ಪ್ರತಿ ಟಿಕ್‌ಗೂ ಇಡೀ ಮೈ ಅದುರಿ, ಜೊತೆಗೆ ಎಲೆಯೂ ಅದುರುತ್ತಿತ್ತು. ಚಿಕ್ಕಪ್ಪ ಬಗ್ಗಿ ಬಹಳ ಹೊತ್ತು ನೋಡಿದರು. "ಇಷ್ಟು ಗಲಾಟೆ ಇಷ್ಟೇ ಇಷ್ಟಕ್ಕಾ?" ಅಂದರು. ಹುಳದ ಮಾತು ಮತ್ತೆ ಬರಲಿಲ್ಲ.

ಉದ್ದನೆಯವನು ಆಮೇಲೆ ತರಗೆಲೆಯೊಂದನ್ನು ಮೆಲ್ಲಗೆ ಮಗುಚಿದ. ನೆನೆಸಿದ ಸಾಬಕ್ಕಿಯ ಹಾಗೆ ನಾಲ್ಕಾರು ಮೊಟ್ಟೆ. ಟಾರ್ಚ್ ಬೆಳಕಲ್ಲಿ ಒಳಗಿನದು ಕಾಣುತ್ತಿತ್ತು: ಕಪ್ಪು ಕಣ್ಣು, ಮಡಚಿಕೊಂಡ ಕಾಲು.

"ಗೊದಮೊಟ್ಟೆ ಆಗೋದು ಯಾವಾಗ?"

"ಆಗೋದೇ ಇಲ್ಲ ಸಾರ್. ಮೊಟ್ಟೆಯೊಳಗೇ ಕಾಲು ಮೂಡಿ, ಕಪ್ಪೆಯಾಗಿಯೇ ಹೊರಬೀಳುತ್ತೆ."

ಈ ಪೊದೆಗಪ್ಪೆಗಳಿಗೆ ಕೆರೆ ಬೇಡ, ಹೊಳೆ ಬೇಡ. ಬೇಕಾದ್ದು ಒದ್ದೆ ಗಾಳಿ, ಒದ್ದೆ ನೆಲ. ಅದು ತಪ್ಪಿದರೆ ಮೊಟ್ಟೆ ಒಣಗುತ್ತದೆ. ಚರ್ಮದಿಂದಲೂ ಉಸಿರಾಡುವ ಪ್ರಾಣಿಯಾದ್ದರಿಂದ ಕಪ್ಪೆಗೂ ಉಳಿಗಾಲವಿಲ್ಲ. ಬೆಟ್ಟದ ತಲೆಯ ಮಂಜಿಗೆ ಇವು ಅಂಟಿಕೊಂಡಿರುವುದು ಅದಕ್ಕೇ ಅಂತ, ಒಲೆಯ ಮುಂದೆ ಮತ್ತೆ ಕೂತಾಗ ಕನ್ನಡಕದವನು ವಿವರಿಸಿದ. ಡೇನಿಯಲ್ ಜಾನ್ಸೆನ್ ಅನ್ನುವ ವಿಜ್ಞಾನಿ 1967ರಲ್ಲೇ ಇದಕ್ಕೊಂದು ಕಾರಣ ಬರೆದಿದ್ದನಂತೆ. ಚಳಿ, ಬೇಸಿಗೆ ಎರಡೂ ಜೋರಾಗಿರುವ ಸೀಮೆಯ ಪ್ರಾಣಿ ವರ್ಷದಲ್ಲಿ ಎಲ್ಲ ಹವೆಯನ್ನೂ ತಿಂದು ಅರಗಿಸಿಕೊಂಡಿರುತ್ತದೆ. ನಮ್ಮ ಉಷ್ಣವಲಯದಲ್ಲಿ ಹಾಗಲ್ಲ. ಬೆಟ್ಟದ ತಲೆ ವರ್ಷವಿಡೀ ತಂಪು, ಬುಡ ವರ್ಷವಿಡೀ ಸೆಕೆ. ತಲೆಯ ಮೇಲಿನವನಿಗೆ ಬುಡದ ಸೆಕೆಯ ಪರಿಚಯವೇ ಇಲ್ಲ. ಹಾಗಾಗಿ ನಾವು ಬಸ್ಸಲ್ಲಿ ತೂಕಡಿಸುತ್ತ ದಾಟುವ ಕಣಿವೆ ಇಲ್ಲಿನ ಕಪ್ಪೆಗೆ ದಾಟಲಾರದ ದೂರ. ಪಾಲಕ್ಕಾಡಿನ ಕಣಿವೆ 30-40 ಕಿ.ಮೀ. ಅಗಲವಿರಬಹುದು, ಅದರ ಉತ್ತರದ ಕಪ್ಪೆ ಬಳಗ ಬೇರೆ, ದಕ್ಷಿಣದ್ದು ಬಹುಮಟ್ಟಿಗೆ ಬೇರೆ.

ಭೂಮಿ ತಣಿದು ಕಾದು, ಮಳೆ ಹೆಚ್ಚಿ ಕಡಿಮೆಯಾದಂತೆಲ್ಲ ಈ ಕಾಡುಗಳು ಒಂದಕ್ಕೊಂದು ಸೇರಿವೆ, ತುಂಡಾಗಿವೆ. ಒಮ್ಮೆ ತುಂಡಾದ ಮೇಲೆ ಒಂದೊಂದು ಬೆಟ್ಟದ ಕಪ್ಪೆ ಲಕ್ಷಾಂತರ ವರ್ಷ ತನ್ನ ಪಾಡಿಗೆ ತಾನು ಬದಲಾಗುತ್ತ ಹೋಗುತ್ತದೆ. ಬಣ್ಣ ಬದಲಾಗುತ್ತದೆ, ಕೂಗು ಬದಲಾಗುತ್ತದೆ. ಹೆಣ್ಣಿಗೆ ಕೂಗಿನ ಗುರುತೇ ಸಿಗದಿದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು. 2,695 ಮೀಟರ್ ಎತ್ತರದ ಆನಮುಡಿಯ ನೆತ್ತಿಯಲ್ಲಿ ಹೀಗೆ ಕಿತ್ತಳೆಗೆಂಪಿನ ಪೊದೆಗಪ್ಪೆಯೊಂದು ಉಳಿದುಕೊಂಡಿದೆ. ಈ ಪೊದೆಗಪ್ಪೆಗಳ ಕುಲದಲ್ಲಿ ಈಗ 70ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಪಶ್ಚಿಮಘಟ್ಟದವೇ. ಕುಲಕ್ಕೆ 2010ರಲ್ಲಿ ಇಟ್ಟ ಹೆಸರು ರಾವೋರ್ಕೆಸ್ಟಿಸ್. ಅದರಲ್ಲಿರುವ 'ರಾವ್' ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್. ಝರಿಯ ಕಲ್ಲಿನ ಮೇಲೆ ಕೂತು ಕಾಲು ಚಾಚಿ ಸನ್ನೆ ಮಾಡುವ ಕುಣಿಯುವ ಕಪ್ಪೆಯೊಂದನ್ನು 1937ರಲ್ಲಿ ಕೊಟ್ಟಿಗೆಹಾರದ ಹೆಸರಲ್ಲಿ ದಾಖಲಿಸಿದವರೂ ಅವರೇ. "ನೀರುದೋಸೆ ಊರಿಗೆ ಇದೊಂದು ಬೇರೆಯಾ!" ಅಂದರು ಚಿಕ್ಕಮ್ಮ.

ಹುಡುಗರು ಹೇಳುವುದನ್ನು ಸರಿಯಾಗಿಯೇ ಹೇಳಿದ್ದರು: ಕೆಲವು ಕಪ್ಪೆ ಘಟ್ಟದುದ್ದಕ್ಕೂ ಇವೆ, ಕೆಲವು ಒಂದೇ ಬೆಟ್ಟದವು, ಹಿತ್ತಲಿನದು ಯಾವುದೆಂದು ಕೂಗು ಹೋಲಿಸಿಯೇ ಹೇಳಬೇಕು. ಚಿಕ್ಕಪ್ಪ ಮಾತ್ರ ನಡುವಿನದೊಂದನ್ನೇ ಹಿಡಿದುಕೊಂಡರು. ಮುಂದೊಂದು ಶ್ರಾವಣದ ಪೂಜೆಗೆ ಹೊಸನಗರದ ಕಡೆಯ ಬೀಗರು ಬಂದಾಗ, ನಮ್ಮ ಬೆಟ್ಟದ ಕಪ್ಪೆ ಬೇರೆಲ್ಲೂ ಇಲ್ಲ ಅಂತ ಶುರು ಹಚ್ಚಿದರು.

"ನಮ್ಮ ಕೊಡಚಾದ್ರಿ ಬುಡದಲ್ಲೂ ಇದೇ ಟಿಕ್ ಟಿಕ್" ಅಂದರು ಬೀಗರು.

"ಎಷ್ಟು ಸಲ ಟಿಕ್ ಅಂದು ನಿಲ್ಲಿಸುತ್ತೆ, ಎಣಿಸಿದೀರಾ?"

ಎಣಿಸಿರಲಿಲ್ಲ. ಆದರೆ ಸೋಲುವವರೂ ಅಲ್ಲ. ಎಲೆಯ ಮುಂದಿಂದಲೇ ಮನೆಗೆ ಫೋನ್ ಹಚ್ಚಿ, ಹಿತ್ತಲಿಗೆ ಹೋಗಿ ಕಪ್ಪೆಯ ಹತ್ತಿರ ಫೋನ್ ಹಿಡಿ ಅಂತ ಮಗನಿಗೆ ಹೇಳಿದರು. ಪಂಕ್ತಿಯವರೆಲ್ಲ ಅನ್ನ ಕಲಸುವುದು ನಿಲ್ಲಿಸಿ ಕಿವಿಗೊಟ್ಟರು. ಧೋ ಅನ್ನುವ ಮಳೆ ಬಿಟ್ಟರೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹುಡುಗನ ದನಿ ಬಂತು: "ಅಪ್ಪಾ, ನಿಂಗೆ ಅಲ್ಲಿ ಊಟ ಆಯ್ತಾ ಇಲ್ವಾ?"