ಹೈಗ್ರೌಂಡ್ಸಿನ ಹುಡುಗರು

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅದರ ಅಷ್ಟುದ್ದದ ಚರಿತ್ರೆಯಲ್ಲಿ ನಮ್ಮ ಪಾಲಿಗೆ ಬಂದದ್ದು ಎಂಬತ್ತರ ದಶಕದ ಕೆಲವು ಬೇಸಿಗೆ ರಜೆಗಳು, ಒಂದಷ್ಟು ಭಾನುವಾರಗಳು. ಬೆಳಕು ಹರಿಯುವ ಮೊದಲೇ ಹೈಗ್ರೌಂಡ್ಸಿಗೆ ನಡೆದುಕೊಂಡು ಬಂದು ಮರದ ಕೆಳಗೆ ಸಾಲಾಗಿ ಕೂರುತ್ತಿದ್ದೆವು. ಹೆಸರು ಕೂಗುವವರೆಗೂ ಬನ್ನು, ಚಹಾ, ರಾಜ್‌ಕುಮಾರ್ ಸಿನಿಮಾ. ಕನ್ನಡ, ತಮಿಳು, ದಖನಿ ಉರ್ದು ಮೂರೂ ಕಲೆಸಿದ ನಮ್ಮ ಮಾತು ಹೊಸಬರಿಗೆ ಅರ್ಥವಾಗಲು ಒಂದು ವಾರ ಬೇಕಿತ್ತು.

ಬ್ಯಾಗು ಹೊರುವುದೇ ಕ್ಯಾಡಿಯ ಕೆಲಸ ಅಂತ ನೋಡುವವರಿಗೆ ಅನಿಸುತ್ತದೆ. ಭಾರಕ್ಕೆ ಹೆಗಲು ಬೇಗ ಪಳಗುತ್ತದೆ. ಕಣ್ಣು ಪಳಗುವುದು ತಡ. ನಮಗೆಲ್ಲ ಗುರುವಾಗಿದ್ದ ಹಿರಿಯ ಕ್ಯಾಡಿಯೊಬ್ಬರನ್ನು ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದೆವು. ‘ಲೇ, ಚೆಂಡು ಬಿದ್ದ ಕಡೆ ಓಡ್ಬೇಡ. ಮೊದ್ಲು ಅದರ ಹಿಂದಿನ ಮರ ಯಾವ್ದು ನೋಡ್ಕೋ, ಆ ಗೆರೆ ಹಿಡಿದು ನಡಿ’ ಅನ್ನೋರು. ಪೊದೆಗೆ ಹೋದ ಚೆಂಡೂ ಹಾಗೇ ಸಿಗುತ್ತಿತ್ತು. ಆಟಗಾರ ಹೊಡೆಯುವಾಗ ನಮ್ಮ ನೆರಳು ಅವರ ಚೆಂಡಿನ ಮೇಲೆ ಬೀಳಬಾರದು, ಬ್ಯಾಗಿನಲ್ಲಿ ಸ್ಟಿಕ್ಕುಗಳು ಸದ್ದು ಮಾಡಬಾರದು, ಮರಳುಗುಂಡಿಯಿಂದ ಹೊರಬರುವ ಮುನ್ನ ಹೆಜ್ಜೆ ಗುರುತು ಬಾಚಬೇಕು. ಇವನ್ನೆಲ್ಲ ಅವರು ಹೇಳಿಕೊಟ್ಟದ್ದಕ್ಕಿಂತ ಮಾಡಿ ತೋರಿಸಿದ್ದೇ ಹೆಚ್ಚು.

ಬೆಳಗಿನ ಮೊದಲ ಆಟಕ್ಕೆ ಹೋಗಲು ಅವರು ಹಾತೊರೆಯುತ್ತಿದ್ದುದಕ್ಕೆ ಕಾರಣವಿತ್ತು. ಗ್ರೀನ್ ಮೇಲೆ ಇಬ್ಬನಿ ಇನ್ನೂ ಆರಿರುವುದಿಲ್ಲ. ಉರುಳಿದ ಚೆಂಡು ಆ ಬೆಳ್ಳಗಿನ ಹುಲ್ಲಿನ ಮೇಲೆ ಕಪ್ಪು ಗೆರೆ ಎಳೆದು ಹೋಗುತ್ತದೆ. ಎಲ್ಲಿ ನೇರ ಬಂತು, ಕುಳಿಯ ಹತ್ತಿರ ಎಲ್ಲಿ ಬಾಗಿತು, ಎಲ್ಲ ಅಚ್ಚೊತ್ತಿದಂತೆ ಕಾಣುತ್ತದೆ. ದೊಡ್ಡಣ್ಣ ಕುಕ್ಕರುಗಾಲಲ್ಲಿ ಕೂತು ಆ ಗೆರೆಗಳನ್ನು ಓದುತ್ತಿದ್ದರು. ಬಿಸಿಲೇರಿ ಗೆರೆಗಳು ಅಳಿಸಿಹೋದ ಮೇಲೂ ಅವು ಅವರ ತಲೆಯಲ್ಲಿ ಹಾಗೇ ಇರುತ್ತಿದ್ದವು. ‘ಸಾರ್, ಎಡಕ್ಕೆ ಒಂದು ಗೇಣು’ ಎಂದರೆ ದೊಡ್ಡ ದೊಡ್ಡ ಅಧಿಕಾರಿಗಳೂ ಮರುಮಾತಾಡದೆ ಒಂದು ಗೇಣು ಎಡಕ್ಕೇ ಹೊಡೆಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಆ ಮನುಷ್ಯನ ವಿದ್ಯೆಯನ್ನು ವಿದ್ಯೆ ಅಂತ ಯಾರಾದರೂ ಬರೆದಿಡಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಕೆಲಸ ಮುಗಿದ ಮೇಲೆ ನಮ್ಮ ಆಟ ಬೇರೆ. ಹೊರಮೈ ಸೀಳಿಹೋಗಿ ಯಾರೂ ಮುಟ್ಟದ ಹಳೇ ಡನ್‌ಲಪ್ 65 ಚೆಂಡು ಸಿಕ್ಕರೆ ಬ್ಲೇಡಿನಿಂದ ಸಿಪ್ಪೆ ಸುಲಿಯುತ್ತಿದ್ದೆವು. ಒಳಗೆಲ್ಲ ಬಿಗಿಯಾಗಿ ಸುತ್ತಿದ ರಬ್ಬರ್ ದಾರ. ತುದಿ ಸಿಕ್ಕಿ ಒಬ್ಬ ಹಿಡಿದುಕೊಂಡು ಓಡಿದರೆ ಇನ್ನೊಬ್ಬನ ಅಂಗೈಯಲ್ಲಿ ಚೆಂಡು ಚಟಪಟ ಕುಣಿಯುತ್ತಾ ಬಿಚ್ಚಿಕೊಳ್ಳುತ್ತಿತ್ತು. ಆ 65 ಏನು ಅಂತ ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. 1934ರ ಬ್ರಿಟಿಷ್ ಓಪನ್‌ನಲ್ಲಿ ಹೆನ್ರಿ ಕಾಟನ್ ಒಂದು ಸುತ್ತನ್ನು 65 ಹೊಡೆತಕ್ಕೆ ಮುಗಿಸಿದ್ದರ ನೆನಪಿಗೆ ಇಟ್ಟ ಹೆಸರು ಎಂದು ಎಷ್ಟೋ ವರ್ಷಗಳ ನಂತರ ಓದಿದೆ. ಓದಿದ ತಕ್ಷಣ ಮರದ ಕೆಳಗಿನ ಗೆಳೆಯರಿಗೆಲ್ಲ ಹೇಳಬೇಕು ಅನ್ನಿಸಿತು.

ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ನಮ್ಮಲ್ಲಿ ಅರ್ಧ ಜನ ಆಗಲೇ ಬೇರೆ ಬೇರೆ ಕೆಲಸ ಹಿಡಿದಿದ್ದೆವು. 2009ರಲ್ಲಿ ಅದೇ ಪ್ರಶಸ್ತಿ ನಮ್ಮೂರಿಗೇ ಬಂತು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ ಗುರುಗ್ರಾಮದಲ್ಲಿ, ಅದೂ ಪ್ಲೇಆಫ್‌ನಲ್ಲಿ ಗೆದ್ದಿದ್ದರು. ನಮ್ಮ ಮೈದಾನದ ಹುಡುಗ ಅಲ್ಲ, ಆದರೇನು! ಆಟೊ ಓಡಿಸುವವನು, ಅಂಗಡಿ ಇಟ್ಟವನು, ಹುಲ್ಲು ಕತ್ತರಿಸುವ ಕೆಲಸದಲ್ಲೇ ಉಳಿದವನು, ಎಲ್ಲರೂ ಆ ಸಂಜೆ ಚಹಾದಂಗಡಿಗೆ ಬಂದರು. ಪತ್ರಿಕೆಯನ್ನು ಜೋರಾಗಿ ಓದಿದ್ದು ನಾನು. ದೊಡ್ಡಣ್ಣ ಕೊನೆಯ ಸಾಲಿನ ತನಕ ಸುಮ್ಮನೆ ಕೇಳಿ, ‘ಕೊನೇ ಪಟ್ ಯಾವ ಕಡೆ ತಿರುಗ್ತಂತೆ?’ ಅಂದರು. ಪತ್ರಿಕೆಯಲ್ಲಿ ಅದಿರಲಿಲ್ಲ. ಎಡಕ್ಕೇ ಇರಬೇಕು ಅಂತ ಒಬ್ಬ, ಬಲಕ್ಕೆ ಅಂತ ಇನ್ನೊಬ್ಬ. ಅಂಗಡಿಯವನು ಬಾಗಿಲು ಹಾಕುವವರೆಗೂ ಮಾತು ನಡೆಯಿತು.