ಬಾಡಿಗೆಯ ಷರತ್ತು

ಬಳ್ಳಾರಿಯಲ್ಲಿ ಮಹಡಿಯ ಮೇಲೊಂದು ಕೋಣೆ ಇರುವವನು ಬೇಡವೆಂದರೂ ಕಾಲೇಜು ಹುಡುಗರ ಪೋಷಕನಾಗುತ್ತಾನೆ. ಬೇಸಗೆಯಲ್ಲಿ ನಮ್ಮ ಕೋಣೆ ಕಾದ ಹೆಂಚು. ಆದರೂ ಕಾಲೇಜು ತೆರೆಯುವ ಹೊತ್ತಿಗೆ ಸಿರುಗುಪ್ಪ, ಕುರುಗೋಡುಗಳ ಕಡೆಯ ತಂದೆಯರು ಮಕ್ಕಳನ್ನು ಕರೆದುಕೊಂಡು ಬಂದು ಬಾಗಿಲು ತಟ್ಟುತ್ತಾರೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದರೂ ಉಪದೇಶದ ಚಟ ಬಿಡದ ನಾನು ಅವರಿಗೆ ಒಂದು ಷರತ್ತು ಹೇಳುತ್ತಿದ್ದೆ: "ಬೀಡಿ, ಸಿಗರೇಟು, ಗುಟ್ಕಾ, ಗಾಂಜಾ, ಕುಡಿತ, ಈ ಮನೆಯಲ್ಲಿ ಯಾವುದೂ ಕೂಡದು." ವಾಕ್ಯ ಮುಗಿಯುವ ಮೊದಲೇ ಹುಡುಗರು "ಹ್ಞೂಂ ರೀ ಸರ್" ಎನ್ನುತ್ತಿದ್ದರು. ನನಗೆ ಪರಮ ಸಂತೋಷ.

ಸರಕಾರಗಳೂ ಇಂಥ ಷರತ್ತು ಹಾಕಿ ನೋಡಿವೆ. ನಮ್ಮ ಊರು 1953ರವರೆಗೆ ಮದರಾಸಿಗೆ ಸೇರಿತ್ತು. ಅಲ್ಲಿ 1948ರಿಂದ ಪ್ರಾಂತವಿಡೀ ಪಾನನಿರೋಧ. ಅದು ಬಂದಂತೆಯೇ ಹೋಯಿತು. 2003ರ ಕಾನೂನು ಶಾಲೆ ಕಾಲೇಜುಗಳ ನೂರು ಗಜದೊಳಗೆ ತಂಬಾಕು ಮಾರಬಾರದೆಂದಿತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, 2013ರಲ್ಲಿ ಗುಟ್ಕಾ. ಗುಟ್ಕಾ ಹೋದ ಮೇಲೆ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಜನ ಕಲಿತರು. ಇಷ್ಟೆಲ್ಲ ಕಂಡೂ ನನ್ನ ಷರತ್ತು ಮಾತ್ರ ಭದ್ರವೆಂದು ನಂಬಿದ್ದೆ.

ಕೆಲವು ವರ್ಷಗಳ ಹಿಂದೆ ಸಿರುಗುಪ್ಪದ ಕಡೆಯ ಹುಡುಗನೊಬ್ಬನಿದ್ದ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆತನ, ಮೆತ್ತನೆಯ ಮಾತು. ಒಂದು ಬೆಳಗ್ಗೆ ಮಹಡಿಯ ನೀರಿನ ತೊಟ್ಟಿಯ ಹಿಂದೆ ಖಾಲಿ ಬಾಟಲಿ ಸಿಕ್ಕಿತು. ಒಂದಲ್ಲ, ಒಂಬತ್ತು. ಸಂಜೆಯೊಳಗೆ ಕೋಣೆ ಖಾಲಿ ಮಾಡಿಸಿದೆ. ಹಾಸಿಗೆ ಸುತ್ತಿಕೊಂಡು ಮೆಟ್ಟಿಲಿಳಿಯುವಾಗ ಅವನ ಕೈ ನಡುಗುತ್ತಿತ್ತು. ಭಯವೆಂದುಕೊಂಡೆ. ಅಂದು ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮರುವರ್ಷ ಅವನ ತಂದೆ ಬಂದರು. ಹುಡುಗ ನಮ್ಮಲ್ಲಿಂದ ಹೋಗಿ, ಹೇಳುವವರು ಕೇಳುವವರು ಇಲ್ಲದ ಕೋಣೆಯೊಂದನ್ನು ಸೇರಿ, ಪರೀಕ್ಷೆಗೂ ಕೂಡದೆ, ಕೊನೆಗೆ ಕಾಮಾಲೆ ಹಿಡಿದು ಊರಿಗೆ ಮರಳಿದ್ದನಂತೆ. ಓದು ಅಲ್ಲಿಗೇ ನಿಂತಿತ್ತು. ಅವರು ಜಗಳವಾಡಲಿಲ್ಲ. "ಹೊರಗ ಹಾಕಿದ್ದು ತಪ್ಪಂತ ಅನ್ನಂಗಿಲ್ರಿ ಮಾಸ್ತರ್ರ. ನನಗೊಂದು ಮಾತು ತಿಳಿಸಬೇಕಿತ್ತು" ಎಂದರು, ಅಷ್ಟೆ.

ಮನೆಯ ಹೆಸರು ಉಳಿಸಿಕೊಳ್ಳುವ ಆತುರದಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ದಿನವೂ ಬಹಳ ಕುಡಿಯುವವನಿಗೆ ಕುಡಿತ ತಪ್ಪಿದರೆ ಕೈ ನಡುಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಬುದ್ಧಿಭ್ರಮೆಯಾಗುತ್ತದೆ. ಅಂಥವನು ಒಮ್ಮೆಲೇ ಬಿಡುವುದು ವೈದ್ಯರ ಕಣ್ಣೆದುರಿನಲ್ಲೇ ಆಗಬೇಕು. ಇದನ್ನೆಲ್ಲ ಆಮೇಲೆ ಡಾಕ್ಟರ ಮಿತ್ರರೊಬ್ಬರಿಂದ ತಿಳಿದೆ. ನಾನು ಭಯವೆಂದುಕೊಂಡದ್ದು ರೋಗವಾಗಿದ್ದಿರಬಹುದು.

ಕಳೆದ ವರ್ಷ ಕುರುಗೋಡಿನಿಂದ ಬಂದ ಹುಡುಗ ಮಾತ್ರ ನನ್ನ ವಾಕ್ಯ ಮುಗಿಯುವವರೆಗೂ ಕಾದ. ಆಮೇಲೆ, "ಸರ್, ನಾ ಕುಡೀತಿದ್ದೆ ರೀ. ಆಸ್ಪತ್ರೆ ಸೇರಿ ಬಿಟ್ಟು ನಾಲ್ಕು ತಿಂಗಳಾತು. ಹಳೇ ಕೋಣೆಗೆ ಹೋದ್ರ ಅದೇ ಗೆಳೆಯರು ಅದಾರ. ಯಾರೂ ಕುಡಿಯಲಾರದ ಮನಿ ಹುಡುಕಾಕ ಬಂದೀನಿ" ಎಂದ. ತಂದೆ ತಲೆ ತಗ್ಗಿಸಿ ಟವೆಲಿನ ಅಂಚು ಹಿಂಡುತ್ತಿದ್ದರು.

ನನ್ನ ಷರತ್ತಿನಲ್ಲಿ ಇಂಥವನಿಗೆ ಜಾಗವಿರಲಿಲ್ಲ. ಸುಳ್ಳು ಹೇಳುವವನಿಗೆ ಇತ್ತು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯ, ವ್ಯಸನ ಬಿಟ್ಟ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಇರಲೆಂದು 1988ರಲ್ಲೇ ಒಂದು ವಸತಿಗೃಹ ತೆರೆಯಿತು. ಅಷ್ಟು ದೂರವೇಕೆ? ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಭಿಕ್ಷೆಯಾಗಿ ಜನರ ಚಟಗಳನ್ನೇ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅವರು ಕುಡುಕನ ಬಾಗಿಲಿಗೆ ತಾವೇ ಹೋದರು. ನನ್ನ ಬಾಗಿಲಿಗೆ ಇವನೇ ಬಂದಿದ್ದ.

ಆದರೂ ನಾನು "ಯೋಚಿಸಿ ಹೇಳುತ್ತೇನೆ" ಎಂದೆ. ಒಳಗಿನಿಂದ ನನ್ನಾಕೆ, "ಅದರಾಗೇನು ಯೋಚ್ನಿ ಮಾಡ್ತೀರಿ? ಚಾ ಕುಡೀತಾನೇನು ಕೇಳ್ರಿ" ಎಂದಳು.

ಕೋಣೆ ಅವನದಾಯಿತು. ಷರತ್ತಿಗೆ ಒಂದು ಸಾಲು ಸೇರಿತು: ಕಾಲು ಜಾರಿದರೆ ಮೊದಲು ನಮಗೆ ಹೇಳಬೇಕು; ನಾವು ತಂದೆಗೆ ಹೇಳುತ್ತೇವೆ, ಡಾಕ್ಟರಿಗೆ ಹೇಳುತ್ತೇವೆ, ಬೀದಿಗೆ ಹೇಳುವುದಿಲ್ಲ.

ದೀಪಾವಳಿಗೆ ಮುಂಚಿನ ಒಂದು ಸಂಜೆ ಅವನು ಕೆಳಗಿಳಿದು ಬಂದು ಕಟ್ಟೆಯ ಮೇಲೆ ಕೂತ. "ಯಾಕೋ ಹೊರಗ ಹೋಗಬೇಕು ಅನಸಾಕತ್ತೈತ್ರಿ" ಎಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನನ್ನಾಕೆ ಮಂಡಕ್ಕಿಗೆ ಒಗ್ಗರಣೆ ಹಾಕಿದಳು. ನಾನು ಬೀದಿಯ ಕೊನೆಯಿಂದ ಬಿಸಿ ಮಿರ್ಚಿ ತಂದೆ. ಮೂವರೂ ಕೂತು ತಿಂದೆವು. ಹತ್ತು ಗಂಟೆಯವರೆಗೆ ಅವನು ಮಾತಾಡಿದ. ಹೆಚ್ಚಿನದೆಲ್ಲ ಕ್ರಿಕೆಟ್ಟು, ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಮಹಡಿ ಹತ್ತಿ ಬಾಗಿಲು ಹಾಕಿಕೊಂಡ.

ಆ ರಾತ್ರಿ ನಾನು ಬಹಳ ಹೊತ್ತು ಮೆಟ್ಟಿಲಿನ ಕಡೆ ಕಿವಿಕೊಟ್ಟು ಎಚ್ಚರವಾಗಿದ್ದೆ.